ಕಾಣಿಸಿಕೊಂಡವನೇ ಕಳ್ಳ

ಹತ್ತು ರೂಪಾಯಿಗೆ ಟೀ ಮಾರುವವನ ನಾಲ್ಕು ವರ್ಷದ ಲೆಕ್ಕ ನಮ್ಮ ಸರ್ಕಾರಗಳಿಗೆ ಬಾಯಿಪಾಠ. ಪಕ್ಷಗಳಿಗೆ ಕೋಟಿಗಟ್ಟಲೆ ಕೊಟ್ಟವರು ಯಾರು ಎಂದು ಕೇಳಿದರೆ ಮಾತ್ರ ತಲೆ ಕೆರೆದುಕೊಳ್ಳುತ್ತವೆ.

2025ರ ಜುಲೈ ತಿಂಗಳ ಮಾತು. ಕರ್ನಾಟಕದ ವಾಣಿಜ್ಯ ತೆರಿಗೆ ಇಲಾಖೆಗೆ ಇದ್ದಕ್ಕಿದ್ದಂತೆ ಜ್ಞಾನೋದಯವಾಯಿತು. ಯಾರ ಯಾರ ಯುಪಿಐ ಖಾತೆಗೆ ಎಷ್ಟೆಷ್ಟು ಬಂದಿದೆ ಎಂದು ಪೇಮೆಂಟ್ ಕಂಪನಿಗಳಿಂದ ಪಟ್ಟಿ ತರಿಸಿಕೊಂಡರು. 2021-22ರಿಂದ ಹಿಡಿದು ಲೆಕ್ಕ ಹಾಕಿದರು. ವರ್ಷಕ್ಕೆ 40 ಲಕ್ಷ ದಾಟಿದ ಬೇಕರಿ, ಕಾಂಡಿಮೆಂಟ್ಸ್, ಟೀ ಅಂಗಡಿಗಳಿಗೆ ಸಾವಿರಗಟ್ಟಲೆ ನೋಟಿಸ್ ಹೋದವು. ತೆರಿಗೆ ಕಟ್ಟು, ಬಡ್ಡಿ ಕಟ್ಟು, ದಂಡ ಕಟ್ಟು.

ಹಾವೇರಿಯ ತರಕಾರಿ ವ್ಯಾಪಾರಿಯೊಬ್ಬರಿಗೆ ಬಂದದ್ದು 29 ಲಕ್ಷ ರೂಪಾಯಿಯ ನೋಟಿಸ್. ನಾಲ್ಕು ವರ್ಷದಲ್ಲಿ ಅವರ ಖಾತೆಗೆ 1.63 ಕೋಟಿ ಬಿದ್ದಿದೆಯಂತೆ. ಕೋಟಿ ಎಂದೊಡನೆ ಸಾಹೇಬರ ಕಣ್ಣು ಅರಳಿತು. ಸ್ವಲ್ಪ ಭಾಗಾಕಾರ ಮಾಡಿದ್ದರೆ ಮುಚ್ಚಿಕೊಳ್ಳುತ್ತಿತ್ತು. ದಿನಕ್ಕೆ ಬರುವುದು ಹನ್ನೊಂದು ಸಾವಿರ ಚಿಲ್ಲರೆ. ಅದೂ ಲಾಭವಲ್ಲ, ಗಲ್ಲಾಪೆಟ್ಟಿಗೆಗೆ ಬಂದ ದುಡ್ಡು. ಬೆಳಗಿನ ಜಾವ ಮಂಡಿಯಲ್ಲಿ ಟೊಮೆಟೊ ಎತ್ತುವವರಿಗೆ ಅದರಲ್ಲಿ ಬಹುಪಾಲು ಮರುದಿನವೇ ಎಲ್ಲಿಗೆ ಹೋಗುತ್ತದೆಂದು ಗೊತ್ತು.

ಎಲ್ಲಕ್ಕಿಂತ ಚಂದದ ವಿಷಯ ಬೇರೆ ಇದೆ. ತಾಜಾ ತರಕಾರಿಗೆ ಜಿಎಸ್‌ಟಿಯೇ ಇಲ್ಲ. ಸೊನ್ನೆ. 1.63 ಕೋಟಿಯನ್ನು ಸೊನ್ನೆಯಿಂದ ಗುಣಿಸಿದರೆ 29 ಲಕ್ಷ ಬರುವ ಗಣಿತವನ್ನು ಯಾವ ಶಾಲೆಯಲ್ಲಿ ಹೇಳಿಕೊಡುತ್ತಾರೋ, ಅಲ್ಲಿಗೆ ನಿಮ್ಮ ಮಕ್ಕಳನ್ನು ಸೇರಿಸಬೇಡಿ.

ಕಾನೂನು ಕಾನೂನೇ, ಒಪ್ಪೋಣ. ಸರಕು ಮಾರುವವರ ವಹಿವಾಟು ವರ್ಷಕ್ಕೆ 40 ಲಕ್ಷ, ಸೇವೆ ಕೊಡುವವರದು 20 ಲಕ್ಷ ದಾಟಿದರೆ ನೋಂದಣಿ ಮಾಡಿಸಲೇಬೇಕು. ಮೂರು ಅಂಗಡಿ ಇಟ್ಟು, ಮನೆಮಂದಿಯ ಹೆಸರಲ್ಲೆಲ್ಲ ಕ್ಯೂಆರ್ ಕೋಡ್ ಅಂಟಿಸಿ, ಬಿಡಿಗಾಸೂ ತೆರಿಗೆ ಕಟ್ಟದ ಮಹಾನುಭಾವರೂ ಇದ್ದಾರೆ. ಅವರಿಗಾಗಿ ನಾನು ಕಣ್ಣೀರು ಹಾಕುತ್ತಿಲ್ಲ.

ಆದರೆ ಮೂಲೆಯ ಕಾಂಡಿಮೆಂಟ್ಸ್ ಅಂಗಡಿಯ ಲೆಕ್ಕ ನೋಡಿ. ಹಾಲಿನ ಪ್ಯಾಕೆಟ್ಟಿಗೆ ತೆರಿಗೆ ಇಲ್ಲ. ಬ್ರೆಡ್ಡಿಗೆ ಇಲ್ಲ. ಆದರೂ 40 ಲಕ್ಷದ ಗೆರೆ ದಾಟಿದನೋ ಇಲ್ಲವೋ ಎಂದು ಅಳೆಯುವಾಗ ಹಾಲೂ ಬ್ರೆಡ್ಡೂ ಲೆಕ್ಕಕ್ಕೆ ಸೇರುತ್ತವೆ. ಸಿಗರೇಟಿನ ಎಂಆರ್‌ಪಿಯೊಳಗೇ ತೆರಿಗೆ ಕೂತಿದೆ. ಪ್ಯಾಕಿಗೆ ಅಂಗಡಿಯವನಿಗೆ ಉಳಿಯುವುದು ಪುಡಿಗಾಸು. ತಂಗಿಯ ಮದುವೆಗೆ ಮಾವ ಕೊಟ್ಟ ಕೈಸಾಲ, ಚೀಟಿ ಎತ್ತಿದ ದುಡ್ಡು, ಗೆಳೆಯ ಹಿಂತಿರುಗಿಸಿದ ಸಾವಿರ ರೂಪಾಯಿ, ಎಲ್ಲ ಬಂದದ್ದು ಅದೇ ನಂಬರಿಗೆ. ಇಲಾಖೆಯ ಕಂಪ್ಯೂಟರಿಗೆ ಎಲ್ಲವೂ ವ್ಯಾಪಾರ.

ಈ ದರಪಟ್ಟಿಯ ಬಗ್ಗೆ ಬಾಯಿ ಬಿಡುವುದೂ ಅಪಾಯ. ಬನ್ನಿಗೆ ತೆರಿಗೆ ಇಲ್ಲ, ಅದರೊಳಗೆ ಕ್ರೀಮ್ ಸವರಿದರೆ ಶೇ 18 ಎಂದು ಕೊಯಮತ್ತೂರಿನ ಹೋಟೆಲ್ ಉದ್ಯಮಿಯೊಬ್ಬರು 2024ರ ಸೆಪ್ಟೆಂಬರ್‌ನಲ್ಲಿ ಹಣಕಾಸು ಸಚಿವೆಯ ಎದುರೇ ಹೇಳಿ ಸಭೆಯನ್ನು ನಗಿಸಿದರು. ಆಮೇಲೆ ಅವರು ಕ್ಷಮೆ ಕೇಳುವ ವಿಡಿಯೊ ಹೊರಬಂತು. ತಪ್ಪು ಬನ್ನಿನವರದು. ದರಪಟ್ಟಿ ಬರೆದವರದಲ್ಲ.

ಸಣ್ಣವರಿಗೆ ಕಾಂಪೊಸಿಷನ್ ಸ್ಕೀಮ್ ಎಂಬ ಅನುಕೂಲವೂ ಇದೆ. ವಹಿವಾಟು ಒಂದೂವರೆ ಕೋಟಿಯೊಳಗಿದ್ದರೆ, ಸರಕು ಮಾರುವವನು ಶೇ 1ರಷ್ಟು ಕಟ್ಟಿ ನೆಮ್ಮದಿಯಾಗಿ ನಿದ್ದೆ ಮಾಡಬಹುದು. ಜಿಎಸ್‌ಟಿ ಬಂದದ್ದು 2017ರ ಜುಲೈ 1ಕ್ಕೆ. ಈ ಸ್ಕೀಮಿನ ಹೆಸರು ಎಷ್ಟೋ ಅಂಗಡಿಯವರ ಕಿವಿಗೆ ಬಿದ್ದದ್ದು ಎಂಟು ವರ್ಷದ ಮೇಲೆ, ನೋಟಿಸ್ ಕೈಗೆ ಬಂದ ನಂತರ. ಇಲಾಖೆ ಊರೂರಲ್ಲಿ ತಿಳುವಳಿಕೆ ಸಭೆಗೆ ಮೈಕು ಕಟ್ಟಿದ್ದೂ ಆಗಲೇ. ಮೊದಲು ಪೆಟ್ಟು, ಆಮೇಲೆ ಪಾಠ.

ಸರಿ, ಇವರನ್ನೆಲ್ಲ ಈ ಬೋನಿನೊಳಕ್ಕೆ ಕರೆದು ತಂದವರು ಯಾರು?

2016ರ ನವೆಂಬರ್ 8ರ ರಾತ್ರಿ ನೋಟು ರದ್ದಾಯಿತು. ಕಪ್ಪುಹಣ ಸುಟ್ಟು ಬೂದಿಯಾಗುತ್ತದೆ ಎಂದರು. ರದ್ದಾದ ನೋಟುಗಳಲ್ಲಿ ಶೇ 99ಕ್ಕಿಂತ ಹೆಚ್ಚು ಬ್ಯಾಂಕಿಗೆ ವಾಪಸ್ ಬಂದವು, ರಿಸರ್ವ್ ಬ್ಯಾಂಕೇ ಎಣಿಸಿ ಹೇಳಿತು. ಅಷ್ಟರಲ್ಲಾಗಲೇ ಮಾತು ತಿರುಗಿತ್ತು. ಗುರಿ ಕಪ್ಪುಹಣವಲ್ಲವಂತೆ, ಡಿಜಿಟಲ್ ಪಾವತಿಯಂತೆ. ನೋಟು ರದ್ದಾದ ವರ್ಷದ ಡಿಸೆಂಬರ್ 30ಕ್ಕೇ ಭೀಮ್ ಆ್ಯಪ್ ಬಂದಿತ್ತು. 2020ರ ಜನವರಿಯಿಂದ ಯುಪಿಐ ಪಾವತಿಗೆ ಅಂಗಡಿಯವನ ಮೇಲಿನ ಶುಲ್ಕವೂ ಹೋಯಿತು. ಎಳನೀರು ಕೊಚ್ಚುವವನು ಕ್ಯೂಆರ್ ಕೋಡ್ ತೂಗುಹಾಕಿದ ಫೋಟೊ ತೋರಿಸಿ ಜಗತ್ತಿನ ವೇದಿಕೆಗಳಲ್ಲಿ ಎದೆ ಉಬ್ಬಿಸಿದರು. ನೋಟು ಹಿಡಿದವನು ದೇಶದ್ರೋಹಿ, ಮೊಬೈಲ್ ಹಿಡಿದವನು ದೇಶಭಕ್ತ.

2025ರ ಮಾರ್ಚ್‌ನಲ್ಲಿ ಕೇಂದ್ರ ಸಂಪುಟ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಸಣ್ಣ ವ್ಯಾಪಾರಿಗಳಿಗೆ ಬರುವ 2,000 ರೂಪಾಯಿಯೊಳಗಿನ ಯುಪಿಐ ಪಾವತಿಗಳಿಗೆಂದು ಸುಮಾರು 1,500 ಕೋಟಿ ರೂಪಾಯಿ ಪ್ರೋತ್ಸಾಹಧನಕ್ಕೆ ಒಪ್ಪಿಗೆ ಕೊಟ್ಟಿತು. ಆ ಪ್ರೋತ್ಸಾಹಧನ ಹೋಗುವುದು ಬ್ಯಾಂಕುಗಳಿಗೆ, ಅವುಗಳ ಜೊತೆಗಾರರಿಗೆ. ನಾಲ್ಕೇ ತಿಂಗಳಲ್ಲಿ ಅಂಗಡಿಯವನ ಪಾಲೂ ಬಂತು, ನೋಟಿಸಿನ ರೂಪದಲ್ಲಿ.

ಆ ದಿನಗಳಲ್ಲಿ ನಮ್ಮ ಬೀದಿಯ ಬೇಕರಿಗೆ ಹೋದರೆ ಗಾಜಿನ ಮೇಲೆ ಬಿಳಿ ಹಾಳೆ: ‘ನೋ ಯುಪಿಐ, ಓನ್ಲಿ ಕ್ಯಾಶ್’. ಕ್ಯೂಆರ್ ಕೋಡ್ ಕಿತ್ತ ಜಾಗದಲ್ಲಿ ಚೌಕಾಕಾರದ ಅಂಟಿನ ಕಲೆ, ಅದರ ಮೇಲೆ ಕೂತ ನೊಣ. ಸೌಂಡ್‌ಬಾಕ್ಸ್ ರಸ್ಕಿನ ಡಬ್ಬಿಗಳ ಹಿಂದೆ ಬೆನ್ನು ತಿರುಗಿಸಿಕೊಂಡು ಬಿದ್ದಿತ್ತು.

“ಏನಣ್ಣ, ಮಾತಾಡೋ ಡಬ್ಬಿ ಮೂಕ ಆಗಿದೆ?” ಎಂದೆ.

“ಅದು ಮಾತಾಡಿದ್ದಕ್ಕೇ ಅಲ್ವಾ ಸಾರ್ ಇಷ್ಟೆಲ್ಲ ಆಗಿದ್ದು. ಇಪ್ಪತ್ತು ರೂಪಾಯಿ ಬಂತು ಅಂತ ಬೀದಿಗೆಲ್ಲ ಕೇಳೋ ಹಂಗೆ ಕೂಗ್ತಿತ್ತು. ಅವರಿಗೂ ಕೇಳಿಸ್ತು.”

ಚಿಲ್ಲರೆ ಇಲ್ಲವೆಂದು ಅಂಗೈಗೆ ಚಾಕೊಲೇಟ್ ಹಾಕಿದರು. ಡಿಜಿಟಲ್ ಕ್ರಾಂತಿಯ ರಾಜಧಾನಿಯಲ್ಲಿ ಚಾಕೊಲೇಟೇ ಮತ್ತೆ ಚಲಾವಣೆಗೆ ಬಂತು.

ಈ ನೋಟಿಸಿಗೆ ಅಪ್ಪ ಯಾರು ಎಂಬ ಪ್ರಶ್ನೆ ಎದ್ದದ್ದೇ ತಡ, ಎಲ್ಲರೂ ಊರು ಬಿಟ್ಟರು. ಜಿಎಸ್‌ಟಿ ಕೇಂದ್ರದ ಕೂಸು ಎಂದರು ರಾಜ್ಯದವರು. ಸಹಿ ಹಾಕಿದ್ದು ರಾಜ್ಯದ ಅಧಿಕಾರಿ ಎಂದರು ಕೇಂದ್ರದವರು. ಇಬ್ಬರೂ ಹೇಳಿದ್ದು ನಿಜ. ಇಬ್ಬರೂ ಹೇಳದೆ ಬಿಟ್ಟದ್ದೂ ನಿಜ. ಜಿಎಸ್‌ಟಿ ಮಂಡಳಿಯಲ್ಲಿ ಕೇಂದ್ರದ ಮತಕ್ಕೆ ಮೂರನೇ ಒಂದು ಪಾಲು ತೂಕ, ರಾಜ್ಯಗಳ ಮತಕ್ಕೆ ಮೂರನೇ ಎರಡು. ನಿಯಮ ಮಾಡುವಾಗ ಎಲ್ಲರೂ ಒಂದೇ ಮೇಜಿನ ಸುತ್ತ ಕೂತಿದ್ದರು. ವಸೂಲಾದ ತೆರಿಗೆಯನ್ನೂ ಹಂಚಿಕೊಳ್ಳುತ್ತಾರೆ. ಬೈಗುಳವನ್ನು ಮಾತ್ರ ಯಾರೂ ಹಂಚಿಕೊಳ್ಳಲು ತಯಾರಿಲ್ಲ.

ವ್ಯಾಪಾರಿಗಳು ಬಂದ್ ಮಾಡುತ್ತೇವೆ ಎಂದರು. ಮುಖ್ಯಮಂತ್ರಿ ಸಿದ್ದರಾಮಯ್ಯ ಜುಲೈ 23ರಂದು ಅವರನ್ನು ಕೂರಿಸಿಕೊಂಡು, ಹಳೆಯ ಬಾಕಿ ಕೇಳುವುದಿಲ್ಲ, ಇನ್ನು ಮುಂದೆ ನೋಂದಣಿ ಮಾಡಿಸಿ ಎಂದು ಸಮಾಧಾನ ಹೇಳಿದರು. ಒಳ್ಳೆಯದೇ ಆಯಿತು. ಆದರೆ ಆ ನೋಟಿಸು ಸರಿಯಿದ್ದರೆ ಹಿಂದೆ ಸರಿದದ್ದು ಯಾಕೆ? ತಪ್ಪಿದ್ದರೆ ಕಳಿಸಿದ್ದು ಯಾಕೆ? ಈ ನಾಡಿನಲ್ಲಿ ತೆರಿಗೆಯ ದರ ನಿಗದಿಯಾಗುವುದು ಕಾಯ್ದೆಯಿಂದಲೋ, ಬಂದ್ ಕರೆಯಿಂದಲೋ?

ಸಣ್ಣವನ ವಿಷಯ ಆಯಿತು. ಈಗ ಅದೇ ಯುಪಿಐನ ದೊಡ್ಡವರನ್ನು ನೋಡಿ.

ಯಾವುದೇ ಒಂದು ಆ್ಯಪ್ ಯುಪಿಐ ವಹಿವಾಟಿನ ಶೇ 30ಕ್ಕಿಂತ ಹೆಚ್ಚು ಪಾಲು ಹಿಡಿಯಬಾರದು ಎಂದು ನ್ಯಾಷನಲ್ ಪೇಮೆಂಟ್ಸ್ ಕಾರ್ಪೊರೇಷನ್ ನಿಯಮ ಮಾಡಿದ್ದು 2020ರ ನವೆಂಬರ್‌ನಲ್ಲಿ. ಒಬ್ಬಿಬ್ಬರ ಕೈಯಲ್ಲಿ ಇಡೀ ದೇಶದ ಜೇಬು ಸಿಕ್ಕಿಹಾಕಿಕೊಳ್ಳಬಾರದು ಎಂಬ ಸದುದ್ದೇಶ. ಫೋನ್‌ಪೇ, ಗೂಗಲ್‌ಪೇ ಎರಡೂ ಸೇರಿ ಹಿಡಿದಿರುವುದು ಶೇ 80ರ ಆಸುಪಾಸು. ಒಂದರ ಹಿಂದೆ ವಾಲ್‌ಮಾರ್ಟ್, ಇನ್ನೊಂದರ ಹಿಂದೆ ಗೂಗಲ್. ನಿಯಮ ಪಾಲಿಸಲು ಮೊದಲು 2022ರ ಕೊನೆಯವರೆಗೆ ಸಮಯ ಕೊಟ್ಟರು. ಆಮೇಲೆ 2024ರ ಕೊನೆಯವರೆಗೆ. ಆಮೇಲೆ 2026ರ ಕೊನೆಯವರೆಗೆ. ಜನಕ್ಕೆ ತೊಂದರೆಯಾಗಬಾರದಲ್ಲ! ಅಂಗಡಿಯವನು ಜನ ಅಲ್ಲವೇ ಎಂದು ಕೇಳಬೇಡಿ. ಅವನಿಗೆ ವಕೀಲರ ಪಡೆ ಇಲ್ಲ, ದೆಹಲಿಯಲ್ಲಿ ಕಚೇರಿಯೂ ಇಲ್ಲ.

ಆನ್‌ಲೈನ್ ಆಟಗಳ ಕತೆಯಲ್ಲೂ ಇದೇ ನ್ಯಾಯ. 2023ರ ಅಕ್ಟೋಬರ್‌ನಿಂದ ಆಟಗಾರ ಕಟ್ಟಿದ ಪೂರ್ತಿ ಹಣದ ಮೇಲೆ ಶೇ 28 ಜಿಎಸ್‌ಟಿ ವಸೂಲಿಯಾಯಿತು. ಭಾರತ ಕ್ರಿಕೆಟ್ ತಂಡದ ಅಂಗಿಯ ಎದೆಯ ಮೇಲೆ ಅಂಥದೊಂದು ಕಂಪನಿಯ ಹೆಸರು ಮಿಂಚಿತು. ಆಗ ಅದು ಉದ್ಯಮ, ಸ್ಟಾರ್ಟ್‌ಅಪ್, ನವಭಾರತ. ಆಮೇಲೆ ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನೇ ನಿಷೇಧಿಸುವ ಮಸೂದೆ ಬಂತು: 2025ರ ಆಗಸ್ಟ್ 20ಕ್ಕೆ ಲೋಕಸಭೆ, 21ಕ್ಕೆ ರಾಜ್ಯಸಭೆ, 22ಕ್ಕೆ ರಾಷ್ಟ್ರಪತಿಗಳ ಅಂಕಿತ. ಮೂರೇ ದಿನದಲ್ಲಿ ಉದ್ಯಮ ಜೂಜಾಯಿತು.

ಜೂಜಿನಿಂದ ಮನೆಗಳು ಮುರಿದದ್ದು ಸುಳ್ಳಲ್ಲ. ಆದರೆ ಬಾಗಿಲು ಹಾಕಿದ್ದು ಯಾರು? ಇಲ್ಲೇ ನೋಂದಣಿ ಮಾಡಿಸಿ, ಪ್ಯಾನ್ ಕೇಳಿ, ಟಿಡಿಎಸ್ ಮುರಿದುಕೊಂಡು, ತೆರಿಗೆ ಕಟ್ಟುತ್ತಿದ್ದವರು. ಬೆಂಗಳೂರಿನ ಕಚೇರಿಗಳಿಂದ ಹುಡುಗರು ಬ್ಯಾಗು ಹಿಡಿದು ಮನೆಗೆ ಹೋದರು. ಯಾವುದೋ ದ್ವೀಪದಲ್ಲಿ ವಿಳಾಸ ಇಟ್ಟುಕೊಂಡ ಬೆಟ್ಟಿಂಗ್ ತಾಣಗಳು ಒಂದು ಹೆಸರು ಬ್ಲಾಕ್ ಆದರೆ ಇನ್ನೊಂದು ಹೆಸರಲ್ಲಿ ಏಳುತ್ತವೆ. ಅವುಗಳಿಗೆ ನೋಟಿಸ್ ಕಳಿಸಲು ಅಂಚೆ ವಿಳಾಸವೇ ಇಲ್ಲ.

ಹೋಗಲಿ, ಜನ ದುಡ್ಡು ಕಳೆದುಕೊಳ್ಳುತ್ತಾರೆಂಬ ಕರುಣೆ ಎನ್ನೋಣವೇ? ಈ ಆಟಗಳಲ್ಲಿ ಜನ ವರ್ಷಕ್ಕೆ ಕಳೆಯುತ್ತಿದ್ದದ್ದು ಸರ್ಕಾರದ ಕಡೆಯ ಅಂದಾಜಿನಂತೆ ಸುಮಾರು 20,000 ಕೋಟಿ. ಷೇರುಪೇಟೆಯ ಫ್ಯೂಚರ್ಸ್ ಆ್ಯಂಡ್ ಆಪ್ಷನ್ಸ್‌ನಲ್ಲಿ 2024-25ರ ಒಂದೇ ವರ್ಷ ವೈಯಕ್ತಿಕವಾಗಿ ಆಡಿದವರಲ್ಲಿ ಶೇ 91 ಮಂದಿ ಸೋತರು. ನಷ್ಟ 1.05 ಲಕ್ಷ ಕೋಟಿಗೂ ಹೆಚ್ಚು. ಹೇಳಿದ್ದು ನಾನಲ್ಲ, ಸೆಬಿ. ಅಲ್ಲಿ ನಿಯಮ ಒಂದಿಷ್ಟು ಬಿಗಿಯಾಗಿದೆ, ಅಂಗಡಿ ಮುಚ್ಚಿಲ್ಲ. ಸೋಲಲಿ ಗೆಲ್ಲಲಿ, ಪ್ರತಿ ವಹಿವಾಟಿನಲ್ಲೂ ಸರ್ಕಾರಕ್ಕೆ ತೆರಿಗೆ ಬೀಳುತ್ತದಲ್ಲ. ಮೊಬೈಲಿನಲ್ಲಿ ರಮ್ಮಿ ಆಡಿ ಹಾಳಾದರೆ ಚಟ. ಅದೇ ಮೊಬೈಲಿನಲ್ಲಿ ನಿಫ್ಟಿ ಆಡಿ ಹಾಳಾದರೆ ಆರ್ಥಿಕ ಸಾಕ್ಷರತೆ.

ಇನ್ನು ಪಾರದರ್ಶಕತೆ. ಟೀ ಅಂಗಡಿಯವನಿಗೆ ಅದರ ಉಪದೇಶ ಮಾಡಿದವರದು ಹೇಗಿದೆ ನೋಡೋಣ.

ಚುನಾವಣಾ ಬಾಂಡ್ ಯೋಜನೆ ಜಾರಿಗೆ ಬಂದದ್ದು 2018ರಲ್ಲಿ. ಯಾವ ಪಕ್ಷಕ್ಕೆ ಯಾರು ಎಷ್ಟು ಕೊಟ್ಟರು ಎಂಬುದನ್ನು ಮತದಾರನಿಂದ ಮುಚ್ಚಿಡಲು ಕಾನೂನೇ ತಿದ್ದಿದರು. 2024ರ ಫೆಬ್ರುವರಿ 15ರಂದು ಸುಪ್ರೀಂ ಕೋರ್ಟ್ ಅದನ್ನು ಅಸಾಂವಿಧಾನಿಕ ಎಂದು ಕಿತ್ತೆಸೆಯಿತು. ವಿವರ ಕೊಡಿ ಎಂದಿತು. 2019ರ ಏಪ್ರಿಲ್‌ನಿಂದ ಮಾರಾಟವಾದ ಬಾಂಡ್‌ಗಳು 22,217. ಅವನ್ನು ಮಾರಿದ ದೇಶದ ಅತಿದೊಡ್ಡ ಬ್ಯಾಂಕು ಜೂನ್ 30ರವರೆಗೆ ಸಮಯ ಬೇಕು ಎಂದು ಅರ್ಜಿ ಹಾಕಿತು. ಅಷ್ಟು ಹೊತ್ತಿಗೆ ಲೋಕಸಭಾ ಚುನಾವಣೆ ಮುಗಿದಿರುತ್ತಿತ್ತು ಎಂಬುದು ಕೇವಲ ಕಾಕತಾಳೀಯ. ಮಾರ್ಚ್ 11ರಂದು ನ್ಯಾಯಾಲಯ ಗದರಿತು. ಮರುದಿನವೇ ಪಟ್ಟಿ ಸಿಕ್ಕಿತು.

ಪಟ್ಟಿಯಲ್ಲಿ ಮೊದಲ ಸ್ಥಾನ ಯಾರದು? ಒಂದು ಲಾಟರಿ ಕಂಪನಿಯದು. 1,368 ಕೋಟಿ ರೂಪಾಯಿ.

ಹನ್ನೆರಡು ರೂಪಾಯಿ ಬನ್ನಿನ ಜಾಡು ಹಿಡಿಯಲು ಇರುವ ತಂತ್ರಜ್ಞಾನಕ್ಕೆ ಸಾವಿರ ಕೋಟಿಯ ಬಾಂಡ್ ಎದುರಾದರೆ ಕಣ್ಣಿಗೆ ಪೊರೆ ಬರುತ್ತದೆ. ನಿವೇಶನ ಕೊಳ್ಳಲು ಹೋದರೆ ಇಂದಿಗೂ ಮೊದಲ ಪ್ರಶ್ನೆ, ವೈಟ್ ಎಷ್ಟು, ಬ್ಲ್ಯಾಕ್ ಎಷ್ಟು. ಅದು ಉಪನೋಂದಣಿ ಕಚೇರಿಯ ಗೋಡೆಗೂ ಗೊತ್ತು. ಜನರ ಕೈಯಲ್ಲಿ ಓಡಾಡುವ ನಗದು ನೋಟು ರದ್ದತಿಯ ಕಾಲಕ್ಕಿಂತ ಈಗ ದುಪ್ಪಟ್ಟು. ಅದಕ್ಕೆ ಸೌಂಡ್‌ಬಾಕ್ಸ್ ಇಲ್ಲ.

ರಾಜಕೀಯ ಪಕ್ಷಗಳು ಇಂದಿಗೂ ಒಬ್ಬರಿಂದ 2,000 ರೂಪಾಯಿವರೆಗೆ ನಗದು ದೇಣಿಗೆ ಪಡೆಯಬಹುದು. 20,000 ರೂಪಾಯಿವರೆಗೆ ಕೊಟ್ಟವರ ಹೆಸರನ್ನು ಚುನಾವಣಾ ಆಯೋಗಕ್ಕೆ ತಿಳಿಸಬೇಕಾಗಿಯೂ ಇಲ್ಲ. ಇದು ಕಾನೂನುಬದ್ಧ. ಮತದಾನದ ಹಿಂದಿನ ರಾತ್ರಿ ಕವರಿನಲ್ಲಿ ಬರುವುದರ ಮಾತು ಬೇರೆ. ಅದಂತೂ ಎಂದೂ ಡಿಜಿಟಲ್ ಆಗುವುದಿಲ್ಲ.

ಮುಂದಿನ ಸಲ ಕೈಮುಗಿದುಕೊಂಡು ನಿಮ್ಮ ಮನೆ ಬಾಗಿಲಿಗೆ ಬರುತ್ತಾರಲ್ಲ, ಕವರು ತೆಗೆದುಕೊಳ್ಳಬೇಡಿ. ‘ಸ್ವಾಮಿ, ಕ್ಯೂಆರ್ ಕೋಡ್ ಇದೆಯಾ?’ ಎಂದು ಕೇಳಿ ನೋಡಿ.