ಖಾಲಿ ತೋಟಾದ ಅಭ್ಯಂಜನ

ಪಕ್ಕದ ಮನೆ ರಾಯರಿಗೆ ಈಗ ಹಿತ್ತಾಳೆ ತೊಳೆಯುವ ಚಿಂತೆ ಹತ್ತಿದೆ. ಶಿರಸಿ ಕಡೆಯವರು, ಊರಲ್ಲಿದ್ದಾಗ ಕವಣೆ ಕೂಡ ಬೀಸಿದವರಲ್ಲ. ಡಲ್ಲಾಸಿಗೆ ಬಂದು ನೆಲೆನಿಂತ ಮೇಲೆ ಶನಿವಾರ ಬೆಳಿಗ್ಗೆ ಶೂಟಿಂಗ್ ರೇಂಜಿಗೆ ಹೋಗಿ ಕಾಗದಕ್ಕೆ ತೂತು ಹೊಡೆದು ಬರುತ್ತಾರೆ. ಪ್ರಾಣಿಗಲ್ಲ ಮಾರಾಯ್ರೇ, ಬರೀ ಕಾಗದಕ್ಕೆ. ಮನೆಯಲ್ಲಿ ಬೆಳ್ಳುಳ್ಳಿಯೂ ಇಲ್ಲ. ಆದರೆ ಗುಂಡು ಹೋದ ಮೇಲೆ ಉಳಿಯುವ ಖಾಲಿ ತೋಟಾ ಇದೆಯಲ್ಲ, ಅದನ್ನು ಬಗ್ಗಿ ಬಗ್ಗಿ ಹೆಕ್ಕುವಾಗ ಅವರನ್ನು ನೋಡಬೇಕು. ತೋಟದಲ್ಲಿ ಉದುರಡಿಕೆ ಹೆಕ್ಕಿ ಬೆಳೆದವರಿಗೆ ನೆಲದ ಮೇಲೆ ಬಿದ್ದ ಹಿತ್ತಾಳೆ ಬಿಟ್ಟು ಬರೋಕೆ ಮನಸ್ಸಾದರೂ ಹೇಗೆ ಬರುತ್ತೆ, ಅಲ್ವಾ?

ಹೆಕ್ಕಿದ್ದಕ್ಕೆ ಮತ್ತೆ ಮದ್ದು, ಗುಂಡು ತುಂಬಬೇಕಾದರೆ ಮೊದಲು ತೊಳೆಯಬೇಕು. ಅದಕ್ಕೆ ಇಷ್ಟು ದಿನ ಒಣ ಟಂಬ್ಲರ್ ಅನ್ನೋ ಯಂತ್ರವಿತ್ತು. ಗಡಗಡ ನಡುಗುವ ಬೋಗುಣಿ, ಅದರಲ್ಲಿ ಜೋಳದ ದಿಂಡಿನ ಪುಡಿ, ಇಲ್ಲವೇ ಆಕ್ರೋಟಿನ ಚಿಪ್ಪಿನ ಪುಡಿ. ಹೊಳಪು ಪರವಾಗಿಲ್ಲ, ಧೂಳಿನದೇ ಕಾಟ. ತೋಟಾದ ತಳದಲ್ಲಿ ಕಿಡಿ ಹೊತ್ತಿಸುವ ಪ್ರೈಮರಿನಲ್ಲಿ ಸೀಸ ಇರುತ್ತೆ, ಸಿಡಿದ ಮೇಲೆ ಅದು ಮಸಿಯ ಜೊತೆ ತೋಟಾದೊಳಗೇ ಕೂತಿರುತ್ತೆ. ಪುಡಿ ಜರಡಿ ಹಿಡಿಯುವಾಗ ಎದ್ದು ನೇರ ಮೂಗಿಗೆ. ಮನೆಗೆ ಮೊಮ್ಮಗು ಬಂತು, ಜೊತೆಗೇ ರಾಯರ ಶ್ರೀಮತಿಯವರ ಆಜ್ಞೆಯೂ ಬಂತು: ಇನ್ನು ಈ ಧೂಳಿನ ವ್ಯವಹಾರ ಬಂದ್. ಒದ್ದೆ ಟಂಬ್ಲರಿನ ಮಾತು ಬೇಲಿಯ ಹತ್ತಿರ ಬಂದದ್ದು ಹಾಗೆ. ನೀರಿನಲ್ಲಿ ಧೂಳು ಏಳೋದಿಲ್ಲವಲ್ಲ.

"ಯಾವುದು ತಗೊಳ್ಳೋದು ಹೇಳಿಬಿಡಿ" ಅಂತಾರೆ. ಹೇಳೋದೇನು, ಇರೋದು ಬೆರಳೆಣಿಕೆಯ ಹೆಸರು. ಹಳೇ ಜನ ಥಮ್ಲರ್ಸ್ ಮಾಡೆಲ್ ಬಿ ಅಂತಾರೆ. ಕಲ್ಲಿಗೆ ಪಾಲಿಶ್ ಹಾಕುವವರ ಯಂತ್ರ ಅದು, ಆರು ಮೂಲೆಯ ಡ್ರಮ್ಮು, ಒಳಗೆ ರಬ್ಬರಿನ ಪದರ, ಬೆಲ್ಟಿನ ಮೇಲೆ ಓಡುತ್ತೆ. ಹದಿನೈದು ಪೌಂಡ್ ಹಿಡಿಸುತ್ತೆ ಅಂದ ಕೂಡಲೇ ರಾಯರ ಕಣ್ಣು ಅರಳಿತು. ಸ್ವಲ್ಪ ತಡೀರಿ ಅಂದೆ. ಅದರಲ್ಲಿ ಮಸಿ ಕೆರೆಯುವ ಉಕ್ಕಿನ ಪಿನ್ನೇ ಐದು ಪೌಂಡ್, ನೀರು ಒಂದು ಗ್ಯಾಲನ್ ಅಂದರೆ ಎಂಟು ಪೌಂಡಿನ ಮೇಲೆ. ಹಿತ್ತಾಳೆಗೆ ಉಳಿಯೋದು ಬರೀ ಎರಡು ಪೌಂಡ್. .308 ತೋಟಾ ಆದರೆ ಎಂಬತ್ತು ಚಿಲ್ಲರೆ, 9 ಎಂಎಂ ಆದರೆ ಇನ್ನೂರರ ಮೇಲೆ ಸ್ವಲ್ಪ. ಪೆಟ್ಟಿಗೆಯ ಮೇಲೆ ಬರೆದ ಅಂಕಿಗೂ ಒಳಗೆ ಹಿಡಿಯುವ ತೋಟಾಕ್ಕೂ ಇಷ್ಟೇ ಸಂಬಂಧ.

ಇನ್ನೊಂದು ಫ್ರಾಂಕ್‌ಫೋರ್ಡ್ ಆರ್ಸೆನಲ್‌ನ ಏಳು ಲೀಟರಿನ ಡ್ರಮ್ಮು. .223 ತೋಟಾ ಒಂದು ಸಾವಿರ ಹಿಡಿಸುತ್ತೆ ಅನ್ನೋದು ಕಂಪನಿಯವರ ಮಾತು. ಆ ಹೆಸರಿನದೂ ಒಂದು ಕಥೆ. ಫಿಲಡೆಲ್ಫಿಯಾದಲ್ಲಿ ನಿಜವಾಗಿಯೂ ಆ ಹೆಸರಿನ ಸರ್ಕಾರಿ ಕಾರ್ಖಾನೆಯೊಂದಿತ್ತು. 1816ರಲ್ಲಿ ಶುರುವಾಗಿ ಅಮೆರಿಕದ ಸೈನ್ಯಕ್ಕೆ ತೋಟಾ ಒದಗಿಸಿ 1977ರಲ್ಲಿ ಬಾಗಿಲು ಹಾಕಿತು. ಈಗಿನ ಡ್ರಮ್ಮಿಗೂ ಅದಕ್ಕೂ ಹೆಸರಿನದಷ್ಟೇ ನಂಟು. ಆ ಹೆಸರಿನ ಜೊತೆಗೆ ರೋಟರಿ ಟಂಬ್ಲರ್ ಅಂತ ಸೇರಿಸಿ ಇಂಗ್ಲಿಷಿನ ಮೊದಲಕ್ಷರಗಳನ್ನು ಜೋಡಿಸಿದರೆ 'ಫಾರ್ಟ್' ಆಗುತ್ತೆ. ಗಡ್ಡ ನೆರೆತ ಟೆಕ್ಸಾಸಿನ ದೊಡ್ಡ ಮನುಷ್ಯರು ಮುಖದಲ್ಲಿ ಒಂದು ಗೆರೆಯೂ ಅಲುಗದಂತೆ ತಂತಮ್ಮ ಫಾರ್ಟಿನ ಗುಣಗಾನ ಮಾಡೋದನ್ನು ಕೇಳಬೇಕು ನೀವು.

ಲೈಮನ್‌ನವರದು, ಹಾರ್ನಡಿಯವರದು ಅಂತ ಬೇರೆಯವೂ ಇವೆ. ಎಲ್ಲವೂ ತಿರುಗುತ್ತವೆ, ಅದರಲ್ಲಿ ಭೇದವಿಲ್ಲ. ರಾಯರ ತಲೆಗೆ ಹೋಗದೇ ಇರೋದು ಅದೇ. ಡ್ರಮ್ಮು ತಿರುಗುವಾಗ ನಮಗೆ ಕೆಲಸವೇ ಇಲ್ಲ, ಕಾಫಿ ಕುಡಿಯುತ್ತಾ ಕೂತರಾಯಿತು. ಕೆಲಸ ಶುರುವಾಗೋದು ಅದು ನಿಂತ ಮೇಲೆ. ಸಾವಿರ ತೋಟಾ, ಪಿನ್ನು, ಸೋಪುನೀರು ತುಂಬಿದ ಡ್ರಮ್ಮು ಮೂವತ್ತು ಪೌಂಡಿನ ಆಸುಪಾಸು ತೂಗುತ್ತೆ, ಮೇಲೆಲ್ಲ ಜಾರು ಬೇರೆ. ರಾಯರ ಸೊಂಟದ ಸಮಾಚಾರ ಬೀದಿಗೆಲ್ಲ ಗೊತ್ತು. "ಫ್ರಾಂಕ್‌ಫೋರ್ಡಿನವರದೇ ಲೈಟ್ ಅನ್ನೋ ಚಿಕ್ಕದು ಸಾಕಲ್ಲ" ಅಂದರೆ, "ಮತ್ತೆ ಮತ್ತೆ ಯಾರು ಹಾಕ್ತಾರೆ ಮಾರಾಯ್ರೇ" ಅಂತಾರೆ. ವಾರಕ್ಕೆ ಹೊಡೆಯೋದು ನೂರು ಗುಂಡು!

ಇನ್ನು ಆ ಪಿನ್ನುಗಳು. ಕಾಲಿಂಚು ಉದ್ದ, ಸೂಜಿಯಷ್ಟು ಸಣ್ಣ, ಐದು ಪೌಂಡಿಗೆ ಎಷ್ಟಾಗುತ್ತವೋ ಆ ದೇವರೇ ಬಲ್ಲ. ಪ್ರೈಮರ್ ಗುಂಡಿಯ ಮಸಿ ಕೆರೆದು ತೆಗೆಯೋಕೆ ಅದರಂಥದ್ದಿಲ್ಲ, ಒಪ್ಪಿದೆ. ಮೊದಲೇ ಸುಟ್ಟ ಪ್ರೈಮರನ್ನು ಕುಟ್ಟಿ ತೆಗೆದಿರಬೇಕು ಅಷ್ಟೆ. ಆದರೆ .223ರ ತಳದ ಕಿಂಡಿಯಲ್ಲಿ ಎರಡು ಪಿನ್ನು ಜೋಡಿಯಾಗಿ ಸಿಕ್ಕಿಕೊಂಡವೋ, ಚಿಮಟ ಹಿಡಿದು ಕೂರಬೇಕು. ಉಳಿದವು ಕಾಲುಚೀಲದಲ್ಲಿ, ಕಾರ್ಪೆಟ್ಟಿನಲ್ಲಿ, ಸಿಂಕಿನ ತೂತಿನಲ್ಲಿ. ಆಯಸ್ಕಾಂತ ಆಡಿಸಿದರೆ ಮುಕ್ಕಾಲುಪಾಲು ಬರುತ್ತವೆ. ಇನ್ನೊಂದು ಚೇಷ್ಟೆ ಇದೆ: ಬೆರಕೆ ತೋಟಾ ಸುರಿದರೆ 9 ಎಂಎಂ ಹೋಗಿ .40ರೊಳಗೆ ಕೂರುತ್ತೆ, ಆ .40 ಹೋಗಿ .45ರೊಳಗೆ. ಒಂದು ಗಂಟೆ ಉರುಳಿ ಬಂದ ಮೇಲೆ ಮೂರೂ ಸೇರಿ ಒಂದೇ ಗಟ್ಟಿ ತುಂಡು, ಒಳಗಿನದು ಹೊರಗೂ ಬಾರದು, ತೊಳೆದೂ ಇರದು. ವಿಂಗಡಿಸಿಯೇ ಹಾಕಬೇಕು.

ನೀರಿಗೆ ಹಾಕೋದು ಪಾತ್ರೆ ತೊಳೆಯುವ ಸೋಪು ಎರಡು ತೊಟ್ಟು, ಜೊತೆಗೆ ಚಿಟಿಕೆ ಸಿಟ್ರಿಕ್ ಆಸಿಡ್. ಇಲ್ಲಿಯವರು ಅದನ್ನು ಅಳೆಯೋದು 9 ಎಂಎಂ ತೋಟಾದಲ್ಲೇ, ಒಂದು ತೋಟಾ ತುಂಬ. ಕೇಳಿದಾಗ ನಮ್ಮಜ್ಜಿ ನೆನಪಾದರು. ದೀಪಾವಳಿಗೆ ಮುಂಚೆ ಬಾವಿಕಟ್ಟೆಯ ಹತ್ತಿರ ಕಾಲುದೀಪ, ಕೊಳಗ, ಗಂಟೆ ಎಲ್ಲ ಹರಡಿಕೊಂಡು ಹುಣಸೆಹಣ್ಣು, ಬೂದಿ, ತೆಂಗಿನ ನಾರು ಹಿಡಿದು ಕೂರುತ್ತಿದ್ದರು. ಹುಣಸೆ ಹಚ್ಚಿ ಆಟಕ್ಕೆ ಓಡಿದರೆ ಬೈಗುಳ ಗ್ಯಾರಂಟಿ: "ತೊಳೆಯೋ, ಕೆಂಪಗಾಗುತ್ತೆ!" ಇಲ್ಲೂ ಅದೇ ಕಥೆ. ಆಸಿಡ್ ಜಾಸ್ತಿಯಾದರೆ ತೋಟಾ ಗುಲಾಬಿ ಬಣ್ಣಕ್ಕೆ ತಿರುಗುತ್ತೆ. ತೋಟಾದ ಹಿತ್ತಾಳೆ ಅಂದರೆ ನೂರಕ್ಕೆ 70 ತಾಮ್ರ, 30 ಸತು; ಹುಳಿ ಹೆಚ್ಚಾದರೆ ಮೇಲ್ಮೈಯ ಸತು ಹೋಗಿ ತಾಮ್ರ ಮುಖ ತೋರಿಸುತ್ತೆ. ಅಜ್ಜಿಗೆ ಸತುವಿನ ಲೆಕ್ಕ ಬೇಕಿರಲಿಲ್ಲ.

ಅಮೋನಿಯಾ ಇರುವ ಪಾಲಿಶನ್ನಂತೂ ಹತ್ತಿರ ತರಲೇಬಾರದು. ಬ್ರಿಟಿಷರು ಇದನ್ನು ಕಲಿತದ್ದು ನಮ್ಮ ದೇಶದಲ್ಲೇ. ಮಳೆಗಾಲದಲ್ಲಿ ಸೈನ್ಯದ ತೋಟಾಗಳನ್ನು ಕುದುರೆ ಲಾಯದಲ್ಲಿ ಇಡುತ್ತಿದ್ದರಂತೆ. ಮಳೆ ಮುಗಿದು ತೆಗೆದರೆ ತೋಟಾಗಳಿಗೆ ಬಿರುಕು! ಹೊಡೆದಿಲ್ಲ, ಬೀಳಿಸಿಲ್ಲ, ಇಟ್ಟಲ್ಲೇ ಬಿರುಕು. ಕುದುರೆ ಉಚ್ಚೆಯ ಅಮೋನಿಯಾ ಹಿತ್ತಾಳೆಯನ್ನು ತಿಂದಿತ್ತು ಅನ್ನೋ ವಿವರಣೆ ಸಿಕ್ಕಿದ್ದು 1921ರಲ್ಲಿ. ಇದನ್ನು ಹೇಳಿದ ದಿನ ರಾಯರು ಗ್ಯಾರೇಜಿನ ಬಾಟಲಿಗಳನ್ನೆಲ್ಲ ತಿರುಗಿಸಿ ತಿರುಗಿಸಿ ಓದಿದರು.

ಇಷ್ಟೆಲ್ಲ ಮಾಡಿ ಬರುವ ಹೊಳಪು ಏನಕ್ಕೆ ಅಂತೀರಿ? ಕಾಗದದ ಮೇಲೆ ತೂತು ಬೀಳೋದಕ್ಕೆ ಅದರಿಂದ ಏನೂ ಆಗಬೇಕಿಲ್ಲ. ಹೆಚ್ಚು ಹೊತ್ತು ಉರುಳಿಸಿದರೆ ತೋಟಾದ ಬಾಯಂಚು ಒಂದಕ್ಕೊಂದು ಬಡಿದು ಜಜ್ಜಿಹೋಗುತ್ತೆ. ಕತ್ತಿನ ಒಳಗಿನ ಮಸಿ ಪೂರ್ತಿ ಹೋದರೆ ಗುಂಡು ಕೂರಿಸುವಾಗ ಬಿಗಿ ಬೇರೆ, ಅದಕ್ಕೆ ಕೆಲವರು ಮತ್ತೆ ಗ್ರಾಫೈಟ್ ಸವರುತ್ತಾರೆ. ತೊಳೆದದ್ದೂ ನಾವೇ, ಬಳಿಯೋದೂ ನಾವೇ! ಹಾಗಾಗಿ ತಿಳಿದವರು ಕೆಲವರು ಪಿನ್ನನ್ನೇ ಬಿಟ್ಟು, ಕಾರು ತೊಳೆಯುವ ಮೇಣದ ಸೋಪು ಹಾಕಿ ತಿರುಗಿಸಿ ಎತ್ತಿಬಿಡುತ್ತಾರೆ. ಹೊಳಪು ಒಂದಾಣೆ ಕಮ್ಮಿ, ತಲೆನೋವು ಹದಿನೈದಾಣೆ ಕಮ್ಮಿ. ನನ್ನ ಓಟು ಅವರಿಗೆ. ಇನ್ನು ಕೆಲವರು ಕಾಂಕ್ರೀಟು ಕಲಸುವ ಮಿಕ್ಸರಿನಲ್ಲೇ ತೊಳೆಯುತ್ತಾರೆ. ಆ ವಿಷಯ ರಾಯರ ಕಿವಿಗೆ ಬೀಳದಂತೆ ನೋಡಿಕೊಂಡಿದ್ದೇನೆ.

ಒಣಗಿಸೋದಕ್ಕೆ ಅವರ ಕಣ್ಣು ಬಿದ್ದದ್ದು ಶ್ರೀಮತಿಯವರ ಡೀಹೈಡ್ರೇಟರಿನ ಮೇಲೆ. ಅದರಲ್ಲಿ ಆಗ ಮಜ್ಜಿಗೆ ಮೆಣಸು ಒಣಗುತ್ತಿತ್ತು. ಸೀಸ ಸೋಕಿದ ಮೇಲೆ ಆ ತಟ್ಟೆಗೆ ಮತ್ತೆ ಮೆಣಸು ಹಾಕೋ ಹಾಗಿಲ್ಲ ಅಂತ ನಾನು ಹೇಳುವಷ್ಟರಲ್ಲಿ ಒಳಗಿಂದಲೇ ತೀರ್ಪು ಬಂತು. ಟೆಕ್ಸಾಸಿನ ಬಿಸಿಲಿದೆ, ಹಳೇ ಟವೆಲಿದೆ, ಆಯ್ತಲ್ಲ. ಆದರೆ ತೀರ್ಪು ಅಲ್ಲಿಗೇ ನಿಲ್ಲಲಿಲ್ಲ: ಡ್ರಮ್ಮಿನ ಕಪ್ಪುನೀರು ಅಡುಗೆಮನೆಯ ಸಿಂಕಿಗೆ ಬರಕೂಡದು, ಗ್ಯಾರೇಜಿನಲ್ಲೇ ಮುಗಿಯಬೇಕು. ಗ್ಯಾರೇಜಿನಲ್ಲೋ ನಲ್ಲಿಯಿಲ್ಲ. ಹಾಗಾಗಿ ಟಂಬ್ಲರಿನ ಮಾತು ಸದ್ಯಕ್ಕೆ ಪಕ್ಕಕ್ಕೆ ಸರಿದು, ಗ್ಯಾರೇಜಿಗೆ ಪೈಪು ಎಳೆಸಲು ಪ್ಲಂಬರ್ ಎಷ್ಟು ಕೇಳಬಹುದು ಅನ್ನೋದು ಶುರುವಾಗಿದೆ. ಟಂಬ್ಲರಿನ ಬೆಲೆಯ ಮೂರು ಪಟ್ಟಾದರೂ ಆಗುತ್ತೆ ಅಂತ ನಾನು, ಇಲ್ಲಪ್ಪ ಎರಡು ಅಂತ ರಾಯರು. ಬೇಲಿಯ ಹತ್ತಿರದ ಮಾತಿಗೆ ಇನ್ನೊಂದು ವಾರಕ್ಕೆ ಇಷ್ಟು ಸಾಕು, ಅಲ್ವಾ?