ಅರ್ಥ ಕೇಳಬೇಡಿ, ಹಾಡಿ

ಪರಭಾಷೆಯಲ್ಲಿ ಸಂಗೀತ ಕಲಿಯಲು ಕುಮಟಾ, ಹೊನ್ನಾವರದ ಮಗು ವಿಮಾನ ಹತ್ತಬೇಕಿಲ್ಲ. ಮನೆಯಲ್ಲಿ ಹವ್ಯಕವೋ ಕೊಂಕಣಿಯೋ, ಭಟ್ಕಳದಲ್ಲಾದರೆ ನವಾಯತಿ, ಶಾಲೆಯಲ್ಲಿ ಕನ್ನಡ, ಹಾರ್ಮೋನಿಯಂ ಎದುರು ಕೂತರೆ ಹಿಂದೂಸ್ತಾನಿ ಚೀಜಿನ ಬ್ರಜಭಾಷೆ. ಅರ್ಥ ಕೇಳಿದರೆ ತಾಳ ತಪ್ಪಿತೆಂಬ ಉತ್ತರ ಬರುತ್ತದೆ.

ಅಪ್ಪನ ನೌಕರಿಯ ಬೆನ್ನಿಗೆ ಜರ್ಮನಿ ಸೇರಿದ ಮಗುವಿನ ಫಜೀತಿ ಇನ್ನೊಂದು ಬಗೆಯದು. ಇಲ್ಲಿ ಷಡ್ಜ ಹಾಡುವವರ ಕಂಠ ನೋಡಿ ಕೂರುತ್ತದೆ. ಅಲ್ಲಿ ಪಿಯಾನೋದ ಸ್ವರಗಳು ರೇಷನ್ ಕಾರ್ಡಿನ ಹೆಸರಿನಂತೆ ಸ್ಥಿರ. ಸಾಲದ್ದಕ್ಕೆ ಇಂಗ್ಲಿಷರ ಬಿ ಸ್ವರ ಜರ್ಮನ್ನರಿಗೆ ಎಚ್, ಬಿ ಫ್ಲ್ಯಾಟ್ ಬರೀ ಬಿ. ಯೂಟ್ಯೂಬ್ ಪಾಠವೂ ಮೇಷ್ಟರ ಪಾಠವೂ ಜಗಳಕ್ಕೆ ಬೀಳದೆ ಇನ್ನೇನು?

ರಜೆಯಲ್ಲಿ ಊರಿಗೆ ಬಂದರೆ ಯಕ್ಷಗಾನವುಂಟು. ಕೆರೆಮನೆ ಶಿವರಾಮ ಹೆಗಡೆಯವರು 1934ರಲ್ಲಿ ಕಟ್ಟಿದ ಇಡಗುಂಜಿ ಮೇಳ ಹೊನ್ನಾವರ ತಾಲೂಕಿನದೇ. ಅಲ್ಲಿ ಭಾಗವತರ ಪದ ಮುಗಿದ ಮೇಲೆ ವೇಷಧಾರಿಯೇ ನಿಂತು ಅರ್ಥ ಹೇಳುತ್ತಾನೆ.