ಹೆಸರಿನಲ್ಲಿ ಆಕ್ಸಿಜನ್

ಡೊಂಬಿವ್ಲಿಯ ನಮ್ಮ ಸೊಸೈಟಿಯಲ್ಲಿ ನಿಂತು "ಶೆಟ್ರೇ" ಎಂದು ಕೂಗಿದರೆ ತೆರೆಯುವ ಬಾಗಿಲು ಒಂದೆರಡಲ್ಲ. ಹಾಗಾಗಿ ಹೋಟೆಲ್ ಶೆಟ್ಟರು, ಬ್ಯಾಂಕಿನ ಶೆಟ್ಟರು, ಮೂರನೇ ಮಾಳಿಗೆಯ ಶೆಟ್ಟರು ಎಂದೆಲ್ಲ ನಾವೇ ವಿಂಗಡಿಸಿಕೊಂಡಿದ್ದೇವೆ. ಕೊರಿಯರ್ ಹುಡುಗನಿಗೆ ಇದು ತಿಳಿಯಬೇಕಲ್ಲ! ಬ್ಯಾಂಕಿನ ಶೆಟ್ಟರ ಡಿವಿಡೆಂಡ್ ಪತ್ರ ಹೋಟೆಲ್ ಶೆಟ್ಟರ ಫ್ರಿಜ್ಜಿನ ಮೇಲೆ ವಾರಗಟ್ಟಲೆ ಬಿದ್ದಿರುತ್ತದೆ.

ಕಂಪನಿಗಳಿಗೆ ಸರ್ಕಾರ ಈ ಫಜೀತಿ ಬೇಡವೆಂದು 21 ಅಕ್ಷರ-ಅಂಕಿಗಳ ಗುರುತು ಕೊಟ್ಟಿದೆ. ಸಿಐಎನ್ ಅಂತ, ಲೆಟರ್‌ಹೆಡ್ಡಿನ ಬುಡದಲ್ಲಿ ಕನ್ನಡಕಕ್ಕೂ ಸಿಗದಷ್ಟು ಸಣ್ಣದಾಗಿ ಇರುತ್ತದೆ. ಇನ್ಫೋಸಿಸ್‌ನದು ಎಲ್85110ಕೆಎ1981ಪಿಎಲ್‌ಸಿ013115. ಮೊದಲಿನ 'ಎಲ್' ಷೇರುಪೇಟೆಯಲ್ಲಿ ಪಟ್ಟಿಯಾದದ್ದಕ್ಕೆ, ಪಟ್ಟಿಯಾಗದಿದ್ದರೆ 'ಯು'. ಮುಂದಿನ ಐದು ಅಂಕಿ ಕಸುಬು, ಆಮೇಲೆ ರಾಜ್ಯ, ಹುಟ್ಟಿದ ವರ್ಷ. 1981ರಲ್ಲಿ ಅದು ಹುಟ್ಟಿದ್ದು ಪುಣೆಯಲ್ಲಿ, ಬೆಂಗಳೂರು ಸೇರಿದ್ದು 1983ರಲ್ಲಿ. ನಾವೆಲ್ಲ ಊರು ಬಿಟ್ಟು ಈ ಕಡೆ ಬಂದರೆ ಅದು ಆ ಕಡೆ ಹೋಗಿ ಉದ್ಧಾರವಾಯಿತು! 1999ರಲ್ಲಿ ನಾಸ್ಡಾಕ್‌ಗೆ ಹೋದಾಗ ಅಮೆರಿಕದ ಷೇರುಪೇಟೆ ನಿಯಂತ್ರಕರಲ್ಲೂ ಹತ್ತಂಕಿಯ ಸಿಐಕೆ ಸಂಖ್ಯೆ ಬೇಕಾಯಿತು. ರಿಲಯನ್ಸಿನ ಸಿಐಎನ್‌ನಲ್ಲಿ ಇಂದಿಗೂ 17110 ಇದೆ, ಅಂದರೆ ಜವಳಿ. ತೈಲ, ಟೆಲಿಫೋನು ಏನೇ ಮಾಡಲಿ, ಸಂಖ್ಯೆ ಮಾತ್ರ ಇನ್ನೂ ಬಟ್ಟೆ ನೇಯುತ್ತಿದೆ.

ಸಂಖ್ಯೆಯಂತೆ ಹೆಸರೂ ಹಳೆಯ ಕಸುಬಿಗೆ ಅಂಟಿಕೊಂಡಿರುವುದುಂಟು. 2021ರ ಏಪ್ರಿಲ್. ಕೋವಿಡ್ಡಿನ ಎರಡನೇ ಅಲೆ. ನಮ್ಮ ಲೋಕಲ್ ಗಾಡಿಯ ಗುಂಪು ವಾಟ್ಸಾಪಿನಲ್ಲೇ ಪ್ರಯಾಣ ಮಾಡುತ್ತಿತ್ತು. ರಾಯರೊಬ್ಬರು ಸುದ್ದಿ ಹಾಕಿದರು: "ಬಾಂಬೆ ಆಕ್ಸಿಜನ್ ತೆಗೆದುಕೊಳ್ಳಿ, ದಿನಾ ಏರ್ತಾ ಇದೆ." ಏರುತ್ತಿದ್ದುದು ನಿಜ, ಕೆಲವೇ ವಾರಗಳಲ್ಲಿ ಬೆಲೆ ದುಪ್ಪಟ್ಟು ದಾಟಿತ್ತು. ಆದರೆ ಕಂಪನಿಯ ಪೂರ್ತಿ ಹೆಸರು ಬಾಂಬೆ ಆಕ್ಸಿಜನ್ ಇನ್ವೆಸ್ಟ್‌ಮೆಂಟ್ಸ್. ಅನಿಲದ ವ್ಯಾಪಾರವನ್ನು ಅದು 2019ರ ಆಗಸ್ಟಿನಲ್ಲೇ ನಿಲ್ಲಿಸಿ, ಷೇರು-ಮ್ಯೂಚುವಲ್ ಫಂಡುಗಳಲ್ಲಿ ಹಣ ಹೂಡುತ್ತಿತ್ತು. ಒಂದು ಸಿಲಿಂಡರ್ ತುಂಬಿಸಲೂ ಅದರಲ್ಲಿ ಆಕ್ಸಿಜನ್ ಇರಲಿಲ್ಲ.

ಇದೇನು ಗುಟ್ಟಾಗಿರಲಿಲ್ಲ. 1988ರಲ್ಲಿ ಹುಟ್ಟಿ, 1992ರಲ್ಲಿ ಹಲ್ಲು ಬಂದ ನಮ್ಮ ಷೇರುಪೇಟೆ ನಿಯಂತ್ರಕ ಸೆಬಿ, ಪಟ್ಟಿಯಾದ ಕಂಪನಿಗಳನ್ನು ಸುಮ್ಮನೆ ಬಿಡುವುದಿಲ್ಲ. ಮೂರು ತಿಂಗಳ ಲೆಕ್ಕವನ್ನು 45 ದಿನದೊಳಗೆ ಒಪ್ಪಿಸಬೇಕು, ದೊಡ್ಡ ಬದಲಾವಣೆಯಾದರೆ ಷೇರುಪೇಟೆಗೆ ತಿಳಿಸಬೇಕು. ಎಲ್ಲವೂ ಬಿಎಸ್‌ಇಯ ಜಾಲತಾಣದಲ್ಲಿ ಬಿಟ್ಟಿ ಸಿಗುತ್ತದೆ. ವಾರ್ಷಿಕ ವರದಿಯನ್ನು ನಾನು ಓದುವುದು ಹಿಂದಿನಿಂದ, ಟಿಪ್ಪಣಿಗಳಿಂದ. ಮುಂದಿನ ಪುಟಗಳಲ್ಲಿ ಅಧ್ಯಕ್ಷರು ನಗುತ್ತಿರುತ್ತಾರೆ. ಯಾವ ವ್ಯಾಪಾರ ಮುಚ್ಚಿತು, ಯಾರ ಭಾವಮೈದುನನ ಕಂಪನಿಗೆ ಸಾಲ ಹೋಯಿತು ಎಂಬ ಸ್ವಾರಸ್ಯವೆಲ್ಲ ಹಿಂದೆಯೇ. "ಪರೀಕ್ಷೆಗೂ ಇಷ್ಟು ಓದಿರಲಿಕ್ಕಿಲ್ಲ" ಎಂದು ಹೆಂಡತಿ ಚಹಾ ಇಟ್ಟು ಹೋಗುತ್ತಾಳೆ. ನಿಜವೇ. ಅಷ್ಟೆಲ್ಲ ಓದಿ ನಾನು ಕೊಂಡ ಷೇರುಗಳೂ ಆಗಾಗ ಮಲಗುತ್ತವೆ. ಯಾಕೆ ಮಲಗಿದವೆಂದು ವಿವರವಾಗಿ ಹೇಳಬಲ್ಲೆ, ಅಷ್ಟೇ.

ರಾಯರಿಗೆ ಬಾಂಬೆ ಆಕ್ಸಿಜನ್ನಿನ ವರದಿ ಕಳಿಸಿದೆ. "ಹೆಸರಲ್ಲೇ ಆಕ್ಸಿಜನ್ ಇದೆಯಲ್ಲ ಮಾರಾಯ್ರೇ, ಅದನ್ನೆಲ್ಲ ಯಾರು ಓದ್ತಾರೆ?" ಎಂದರು.

ಅದೇ ರಾಯರು ಸೊಸೈಟಿಯ ವಾರ್ಷಿಕ ಸಭೆಗೆ ಬಂದರೆ ಬೇರೆಯೇ ಅವತಾರ. ಲೆಕ್ಕಪತ್ರದ ಸಾಲು ಸಾಲಿಗೂ ಪೆನ್ಸಿಲ್ ಗುರುತು. ಹಿಂದಿನ ಸಭೆಯಲ್ಲಿ ವಾಚ್‌ಮನ್ನನ ಟಾರ್ಚಿನ ಸೆಲ್ಲಿಗೆ ರಸೀದಿ ಇಲ್ಲವೆಂದು ಕಾರ್ಯದರ್ಶಿಯನ್ನು ರಾತ್ರಿ ಹನ್ನೊಂದರವರೆಗೆ ನಿಲ್ಲಿಸಿಕೊಂಡಿದ್ದರು.